ಮೂಗುದಾರ ಹಾಕಿದ ಮೀನು

ನಾನು ಹುಟ್ಟಿ ಬೆಳೆದದ್ದು ಚನ್ನರಾಯಪಟ್ಟಣದ ಸೀಮೆಯಲ್ಲಿ, ದಂಡಿಗನಹಳ್ಳಿಗೆ ಎರಡು ಹರದಾರಿ ದೂರದ ಒಂದು ಹಳ್ಳಿಯಲ್ಲಿ. ನಮ್ಮ ಕಡೆ ನೀರೆಂದರೆ ಕೆರೆ. ಮೀನೆಂದರೆ, ಬೇಸಗೆಯಲ್ಲಿ ಕೆರೆ ತಳ ಕಂಡಾಗ ಊರಿಗೆ ಊರೇ ಕೆಸರಿಗೆ ಇಳಿದು ಬುಟ್ಟಿ ಮುಚ್ಚಿ ಹಿಡಿಯುವ ಕೊರಮೀನು. ಅದರಲ್ಲಿ ದೊಡ್ಡದು ಇಟ್ಟುಕೊಳ್ಳಬೇಕೇ ಬಿಡಬೇಕೇ ಎಂಬ ಧರ್ಮಸೂಕ್ಷ್ಮವೆಲ್ಲ ಇರಲಿಲ್ಲ. ಸಿಕ್ಕಿದ್ದು ಸಾರಿಗೆ, ಅಷ್ಟೇ.

ಹೊಟ್ಟೆಪಾಡಿಗಲ್ಲದೆ ಷೋಕಿಗೆ ಮೀನು ಹಿಡಿಯುವ ಮನುಷ್ಯನನ್ನು ನಾನು ಮೊದಲು ನೋಡಿದ್ದು ಹೊಳೆನರಸೀಪುರದಲ್ಲಿ. ಮೇಷ್ಟ್ರ ಕೆಲಸದ ತರಬೇತಿಗೆಂದು ಅಲ್ಲಿಗೆ ಹೋಗಿದ್ದೆ. ಹೇಮಾವತಿಯ ನಡುವಿನ ಬಂಡೆಯ ಮೇಲೆ ಒಬ್ಬ ಓವರ್‌ಸಿಯರು ಸೋಲಾ ಟೋಪಿ ಹಾಕಿಕೊಂಡು ದಿನಗಟ್ಟಲೆ ಕೂತಿರುತ್ತಿದ್ದರು. ಹಿಡಿದ ಮೀನನ್ನು ತಿರುಗಿಸಿ ತಿರುಗಿಸಿ ನೋಡಿ ನೀರಿಗೆ ಬಿಟ್ಟುಬಿಡುವರು. ಇವರಿಗೆ ತಲೆ ಸರಿಯಿಲ್ಲ ಎಂದು ನಕ್ಕ ನಾನೇ ಒಂದು ತಿಂಗಳು ಕಳೆಯುವಷ್ಟರಲ್ಲಿ ಅವರ ಪಕ್ಕದ ಬಂಡೆಯ ಮೇಲೆ ಕೂತಿದ್ದೆ. ಗಾಳ ಕಟ್ಟುವುದು, ದಾರಕ್ಕೆ ಸೀಸ ಪೋಣಿಸುವುದು, ಮೀನು ಎಳೆದಾಗ ದಾರ ಸಡಿಲ ಬಿಟ್ಟು ಅದನ್ನು ದಣಿಸುವುದು, ಎಲ್ಲ ಅವರೇ ಕಲಿಸಿದರು. ಅವರ ಶಾಸ್ತ್ರ ಒಂದೇ: ಚಿಕ್ಕದನ್ನು ಬಿಡು, ದೊಡ್ಡದನ್ನು ಬಿಡಬೇಡ. ದೊಡ್ಡದಕ್ಕಾಗಿಯೇ ಅಲ್ಲವೇ ನಾವು ಕೂರುವುದು ಎನ್ನುತ್ತಿದ್ದರು. ಆದರೆ ಪಾಪ, ಅಷ್ಟು ವರ್ಷ ಕೂತರೂ ಅವರಿಗೆ ತೋಳುದ್ದಕ್ಕಿಂತ ದೊಡ್ಡದು ಸಿಕ್ಕಿರಲಿಲ್ಲ. ಹಾಸನಕ್ಕೆ ವರ್ಗವಾದಾಗ ತಮ್ಮ ಹಳೆಯ ಕೋಲನ್ನೂ ಹಿತ್ತಾಳೆಯ ರೀಲನ್ನೂ ನನ್ನ ಕೈಗಿಟ್ಟು ಹೋದರು.

ಐವತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಕೊಣನೂರಿನಲ್ಲಿ ಮಿಡ್ಲ್ ಸ್ಕೂಲ್ ಮೇಷ್ಟ್ರು. ಕಾವೇರಿ ಕೂಗಳತೆಯಲ್ಲಿ. ಈ ಹೊಳೆಯ ದೊಡ್ಡ ಜಾತಿಯ ಮೀನಾದ ಬಿಳಿಮೀನಿಗೆ ರಾಗಿಹಿಟ್ಟನ್ನು ಬೇಯಿಸಿ ನಾದಿ ಮಾಡಿದ ಉಂಡೆಯಷ್ಟು ಇಷ್ಟವಾದದ್ದು ಇನ್ನೊಂದಿಲ್ಲ. ಮನೆಯಲ್ಲಿ ಮುದ್ದೆ ಕಟ್ಟಿದಾಗ ನನ್ನ ಪಾಲಿನಲ್ಲಿ ಕಾಲುಭಾಗ ಮುರಿದು ಎಲೆಯಲ್ಲಿ ಸುತ್ತಿಟ್ಟುಕೊಳ್ಳುತ್ತಿದ್ದೆ. ಬಯಲುಸೀಮೆಯವನು ಹೊಳೆ ಕಂಡು ಹುಚ್ಚನಾದ ಎಂದು ಊರಿನವರು ಆಡಿಕೊಂಡರು. ಅದು ಸುಳ್ಳೇನಲ್ಲ.

ಆ ಬೇಸಗೆ ನನ್ನ ಹೆಂಡತಿ ಬಸುರಿ. ಮೂರನೆಯ ಸಲ. ಮೊದಲ ಎರಡು ತವರಿನಲ್ಲೇ ಹೋಗಿದ್ದವು. ಒಂದು ಏಳು ತಿಂಗಳಿಗೆ, ಇನ್ನೊಂದು ಹುಟ್ಟುವಾಗಲೇ ಉಸಿರಿಲ್ಲದೆ. ಈ ಸಲ ಅರಕಲಗೂಡಿನ ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟರು: ಆರನೇ ತಿಂಗಳಿಂದ ಹೆರಿಗೆಯ ತನಕ ಹಾಸಿಗೆ ಬಿಟ್ಟು ಏಳಕೂಡದು. ಹೊಲದಲ್ಲಿ ಕಳೆ ಕಿತ್ತು, ಹೊರೆ ಹೊತ್ತು ಬೆಳೆದವಳು. ನಡುಮನೆಯ ಪಕ್ಕದ ಕೋಣೆಯಲ್ಲಿ ಮಂಚದ ಮೇಲೆ ಮಲಗಿದಳು. ಒಂದು ಗಿಡ್ಡ ಕಿಟಕಿ, ಅದರಾಚೆ ಪಕ್ಕದ ಮನೆಯ ಗೋಡೆ.

ನೋಡಿಕೊಳ್ಳಲು ನಮ್ಮತ್ತೆ ಬಂದರು. ಬಂದ ದಿನವೇ ಬಸುರಿಯ ಗಂಡ ಪಾಲಿಸಬೇಕಾದ ನೇಮಗಳನ್ನೆಲ್ಲ ಒಪ್ಪಿಸಿದರು. ಕ್ಷೌರ ಮಾಡಿಸಬಾರದು, ಹೆಣಕ್ಕೆ ಹೆಗಲು ಕೊಡಬಾರದು, ಕೈಯಾರೆ ಯಾವ ಜೀವವನ್ನೂ ತೆಗೆಯಬಾರದು. ಹಾಗೆಂದು ನನಗೆ ಹೇಳಲಿಲ್ಲ. ನಮ್ಮ ಕಡೆ ಅತ್ತೆ ಅಳಿಯನ ಮುಖ ನೋಡಿ ಮಾತಾಡುವ ರೂಢಿಯಿರಲಿಲ್ಲ. ಸೆರಗು ಎಳೆದುಕೊಂಡು ನಡುಮನೆಯ ಕಂಬಕ್ಕೆ ಹೇಳಿದರು. ನಾನು ಕಂಬದ ಪಕ್ಕದಲ್ಲಿ ನಿಂತು ಕೇಳಿಸಿಕೊಂಡೆ.

ಕಂಬಕ್ಕೆ ಹೇಳಿದ್ದನ್ನು ನಾನು ಮರೆತರೂ ಮರೆಯುತ್ತಿದ್ದೆನೇನೋ. ಆದರೆ ಹೆಂಡತಿಯೂ ಒಂದು ಮಾತು ಕೇಳಿದಳು. ಮಗು ಕೈಗೆ ಬರುವ ತನಕ ಏನನ್ನೂ ಕೊಲ್ಲಬೇಡಿ ಎಂದಳು. ನಾನು ಆಗಲಿ ಎಂದೆ. ವಿಜ್ಞಾನ ಪಾಠ ಮಾಡುವ ಮೇಷ್ಟ್ರಿಗೆ ಈ ನೇಮದಲ್ಲಿ ನಂಬಿಕೆಯಿರಲಿಲ್ಲ. ಆದರೆ ಎರಡು ಮಕ್ಕಳನ್ನು ಮಣ್ಣಿಗಿಟ್ಟು ಬಂದ ಕೈ ನನ್ನದು. ಆ ಕೈಗೆ ನಂಬಿಕೆಯಿತ್ತು. ಆಗಲಿ ಎಂದದ್ದು ಮನಸಾರೆ.

ಹೊಳೆಗೆ ಹೋಗುವುದನ್ನೇನೂ ಬಿಡಲಿಲ್ಲ. ಹಿಡಿಯುವೆ, ಗಾಳ ಬಿಡಿಸುವೆ, ನೀರಿಗೆ ಹಾಕುವೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಎರಡು ತಿಂಗಳು ಹೀಗೇ ನಡೆಯಿತು.

ಬೇಸಗೆ ರಜ ಮುಗಿಯುತ್ತ ಬಂದಿತ್ತು. ಒಂದು ಬೆಳಗ್ಗೆ, ಊರಿನಿಂದ ಮೇಲೆ ಹೊಳೆ ತಿರುಗುವ ಕಡೆ ಮಡುವಿನಲ್ಲಿ ಗಾಳ ಹಾಕಿ ಕೂತಿದ್ದೆ. ಕೋಲು ಕೈಯಿಂದ ಕಿತ್ತುಕೊಂಡು ಹೋಗುವಂತೆ ಬಗ್ಗಿತು. ರೀಲು ಕಿರ್ರೆಂದು ಬಿಚ್ಚಿಕೊಂಡಿತು. ಒಂದು ಗಂಟೆಯೋ ಎರಡು ಗಂಟೆಯೋ, ಬಿಸಿಲು ನೆತ್ತಿಗೆ ಬರುತ್ತಿತ್ತು. ನಾನು ದಡದುದ್ದಕ್ಕೂ ಅದರ ಹಿಂದೆ ಓಡಿದೆ, ಎರಡು ಸಲ ಬಿದ್ದೆ, ಮೊಣಕಾಲು ತರಚಿಹೋಯಿತು. ಹರಿಗೋಲು ಹಾಕುವ ಒಬ್ಬ ಮುದುಕ ಇದನ್ನು ನೋಡಿ ಹತ್ತಿರ ಬಂದ. ಇಬ್ಬರೂ ಸೇರಿ ಅದನ್ನು ಮೊಣಕಾಲುದ್ದದ ನೀರಿಗೆ ತಂದೆವು.

ಅಂಥ ಬಿಳಿಮೀನನ್ನು ನಾನು ಕನಸಿನಲ್ಲೂ ನೋಡಿರಲಿಲ್ಲ. ಎತ್ತಿ ನಿಲ್ಲಿಸಿದ್ದರೆ ನನ್ನ ಎದೆಮಟ್ಟ ಬರುತ್ತಿತ್ತು. ಅಂಗೈ ಅಗಲದ ಹುರುಪೆ, ಅಂಚಿಗೆ ಹೊಂಬಣ್ಣ. ದಪ್ಪ ತುಟಿ. ದಣಿದು ಪಕ್ಕಕ್ಕೆ ವಾಲಿ ಕಿವಿರು ತೆರೆದು ಮುಚ್ಚಿ ಮಾಡುತ್ತಿತ್ತು. ನನಗೆ ಅಳು ಬಂತು, ಸಂತೋಷಕ್ಕೆ. ಮರುಗಳಿಗೆಯಲ್ಲೇ ತಲೆಬಿಸಿ ಶುರುವಾಯಿತು. ಕೊಂದರೆ ಮಾತು ತಪ್ಪಿದಂತೆ. ಬಿಟ್ಟರೆ ಯಾರು ನಂಬುತ್ತಾರೆ? ಹಾಸನದಲ್ಲಿರುವ ನನ್ನ ಗುರು ನಂಬುತ್ತಾರೆಯೇ? ಅವರ ಇಡೀ ಜೀವಮಾನಕ್ಕೆ ಸಿಗದ್ದು ನನಗೆ ಸಿಕ್ಕಿದೆ, ಅವರು ಅದನ್ನು ಕಣ್ಣಾರೆ ನೋಡದಿದ್ದರೆ ಸಿಕ್ಕಿಯೂ ಏನು ಬಂತು?

ಸಂತೆಯ ದಿನದ ತನಕ ದೊಡ್ಡ ಮೀನನ್ನು ಬದುಕಿಸಿಡಲು ಹೊಳೆಯವರು ಅದನ್ನು ಹಗ್ಗ ಹಾಕಿ ನೀರಿನಲ್ಲೇ ಕಟ್ಟುವುದನ್ನು ನೋಡಿದ್ದೆ. ಕಟ್ಟಿದರೆ ಕೊಂದಂತೆ ಆಗುವುದಿಲ್ಲವಲ್ಲ! ಮಗು ಹುಟ್ಟಲಿ, ಪುರುಡು ಕಳೆಯಲಿ, ಅಲ್ಲಿಯ ತನಕ ಇದು ಇಲ್ಲೇ ಇರಲಿ. ಆಮೇಲೆ ಏನು ಬೇಕಾದರೂ ಮಾಡಬಹುದು. ನೇಮಕ್ಕೂ ಮೋಸವಿಲ್ಲ, ನನಗೂ ಮೋಸವಿಲ್ಲ. ನನ್ನ ಬುದ್ಧಿಗೆ ನಾನೇ ತಲೆದೂಗಿದೆ. ಎತ್ತು ಕಟ್ಟಿದ ಮನೆಯಲ್ಲಿ ಹುಟ್ಟಿದವನಿಗೆ ಮೂಗುದಾರ ಹಾಕುವುದು ಯಾರೂ ಹೇಳಿಕೊಡಬೇಕಿಲ್ಲ. ಹರಿಗೋಲಿನಲ್ಲಿದ್ದ ನಾರಿನ ಹುರಿಯನ್ನು ಇಸಕೊಂಡು, ಮೀನಿನ ಕೆಳದವಡೆಯ ಮೆದು ತೊಗಲಿಗೆ ಪೋಣಿಸಿ ಗಂಟು ಹಾಕಿ, ಅದಕ್ಕೆ ಉದ್ದನೆಯ ಹಗ್ಗ ಸೇರಿಸಿ ದಡದ ಹೊಳೆಮತ್ತಿ ಮರದ ಬೇರಿಗೆ ಬಿಗಿದೆ.

ಮುದುಕ ಬಗ್ಗಿ ಮೀನಿನ ಹೊಟ್ಟೆ ಮುಟ್ಟಿ ನೋಡಿದ. ಕಡೆಗೆ ಹೇಳಿದ:

“ಸಾ, ಇದು ಬಸ್ರಿ. ವಟ್ಟೆ ನೋಡಿ. ಒಸ್ನೀರು ಬಂದೇಟ್ಗೆ ಮೇಲಕ್ಕೋಗಿ ಮೊಟ್ಟೆ ಇಡೋದು ಇದು. ಕಾವಿಗೆ ಕೂತಿರೋ ಕೋಳೀನ ಯಾರಾನ ಇಡೀತಾರಾ? ನಾವು ನಡುಗಾತ್ರದವ್ನ ಇಡ್ಕತೀವಿ, ಇಂಥವ್ನ ಬುಟ್ಬುಡ್ತೀವಿ.”

ನನಗೆ ಮೂಗಿನ ತುದಿಯಲ್ಲೇ ಕೋಪ. ನಾನೇನು ಇದನ್ನು ಕೊಲ್ಲುತ್ತಿದ್ದೇನೆಯೇ ಎಂದು ರೇಗಿದೆ. ಅವನು ಹುಟ್ಟು ಎತ್ತಿಕೊಂಡು ಹೋದ.

ಅವತ್ತೇ ಓವರ್‌ಸಿಯರಿಗೆ ಕಾರ್ಡು ಬರೆದೆ. ಬರುವ ಭಾನುವಾರ ಮೊದಲ ಬಸ್ಸಿಗೇ ಬರುತ್ತೇನೆಂದು ಉತ್ತರ ಬಂತು. ಅಷ್ಟರಲ್ಲಿ ಊರಿಗೆಲ್ಲ ಸುದ್ದಿ ಹರಡಿತ್ತು. ದಡದಲ್ಲಿ ಜನ. ಕೆಲವರು ಕೆಳಗಿನ ರಾಮನಾಥಪುರದಲ್ಲಿ ದೇವಸ್ಥಾನದ ಮಡುವಿನ ದೇವರ ಮೀನಿಗೆ ಹಾಕುವಂತೆ ಪುರಿ ತಂದು ಎರಚಿದರು. ಒಬ್ಬಾಕೆ ಕೈಮುಗಿದಳು. ಅಲ್ಲಿಯ ಮಡುವಿನಿಂದ ತಪ್ಪಿಸಿಕೊಂಡು ಮೇಲೆ ಬಂದ ಮೀನೇ ಇದು, ಇದನ್ನು ಮುಟ್ಟಬಾರದು ಎಂದು ಒಬ್ಬ, ಮಡು ದಾಟಿದ ಮೇಲೆ ದೇವರದ್ದೂ ಅಲ್ಲ ದಿಂಡರದ್ದೂ ಅಲ್ಲ ಎಂದು ಇನ್ನೊಬ್ಬ. ಇಬ್ಬರೂ ನನ್ನ ಕಡೆ ತಿರುಗಿ ಮೇಷ್ಟ್ರು ಏನಂತೀರಿ ಎನ್ನುವರು. ನಾನು ದೊಡ್ಡ ಮನುಷ್ಯನಂತೆ ನಗುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ಆ ನಾಲ್ಕು ದಿನ ನನಗೆ ಬಹಳ ಹಿತವಾಗಿತ್ತು.

ಹೆಂಡತಿಗೆ ಮಾತ್ರ ಹೇಳಲಿಲ್ಲ. ಅವಳ ಮನಸ್ಸಿಗೆ ಯೋಚನೆ ಹತ್ತಬಾರದು ಎಂದು ಡಾಕ್ಟರೇ ಹೇಳಿದ್ದರು, ಹಾಗಾಗಿ ಹೇಳಲಿಲ್ಲ ಎಂದುಕೊಂಡೆ. ಬೆಳಗ್ಗೆ ಸ್ಕೂಲಿನ ಹೆಂಚು ಹೊದಿಸುತ್ತಿದ್ದಾರೆ ಎಂದು ಹೊರಡುವೆ, ಸಂಜೆ ಇನ್ನೇನೋ ನೆಪ. ಅವಳು ಸರಿ ಎನ್ನುತ್ತಿದ್ದಳು.

ಭಾನುವಾರ ಓವರ್‌ಸಿಯರು ಬರಲಿಲ್ಲ. ಮೇಲಿನವರ ತಪಾಸಣೆ, ಮುಂದಿನ ಭಾನುವಾರ ಖಂಡಿತ ಎಂದು ಕಾರ್ಡು ಬಂತು. ಅಷ್ಟರಲ್ಲಿ ಜನವೂ ಕರಗಿತು. ಒಂದೇ ಮೀನನ್ನು ಎಷ್ಟು ದಿನ ನೋಡುತ್ತಾರೆ? ದಡದಲ್ಲಿ ನಾನು, ನೀರಿನಲ್ಲಿ ಅದು. ರಾಗಿ ಉಂಡೆ ಹಾಕಿದರೆ ಮೂಸುತ್ತಿರಲಿಲ್ಲ. ಮೊದಲ ದಿನಗಳಲ್ಲಿ ಹಗ್ಗದುದ್ದಕ್ಕೂ ಹೋಗಿ ಜಗ್ಗಿ ವಾಪಸು ಬರುತ್ತಿತ್ತು, ಆಮೇಲೆ ಅದೂ ಇಲ್ಲ. ಬೇರಿನ ನೆರಳಲ್ಲಿ ಒಂದೇ ಕಡೆ ನಿಂತಿರುತ್ತಿತ್ತು. ಹೊಂಬಣ್ಣ ಮಾಸಿ ಬೂದಿಯಾಗುತ್ತ ಬಂತು. ದವಡೆಯ ಹತ್ತಿರ ಹುರಿ ಕೊರೆದ ಕಡೆ ಹತ್ತಿಯಂತೆ ಬೆಳ್ಳಗೆ ಏನೋ ಕಟ್ಟಿಕೊಂಡಿತ್ತು. ಅದರ ಕಣ್ಣಿಗೆ ರೆಪ್ಪೆಯಿಲ್ಲವಲ್ಲ, ನಾನು ಬಂದಾಗಲೂ ಹೋದಾಗಲೂ ತೆರೆದೇ ಇರುತ್ತಿತ್ತು. ನೋಡಲು ಹೋಗಬಾರದು ಅನ್ನಿಸುತ್ತಿತ್ತು, ಹೋಗದೆ ಇರಲೂ ಆಗುತ್ತಿರಲಿಲ್ಲ.

ಬಿಸಿತುಪ್ಪ ಅಂತಾರಲ್ಲ, ಹಾಗಾಗಿತ್ತು. ಈಗ ಬಿಟ್ಟರೆ ಊರಿನವರು ನಗುತ್ತಾರೆ, ಗುರುಗಳಿಗೆ ಸುಳ್ಳುಗಾರನಾಗುತ್ತೇನೆ. ಕಟ್ಟಿದ ಮೇಲೆ ಇಷ್ಟು ದಿನ ಇಟ್ಟದ್ದೂ ದಂಡ. ಒಂದು ದಿನ ಇಟ್ಟದ್ದಕ್ಕೆ ಇನ್ನೊಂದು ದಿನ ಇಡಬೇಕು, ಎರಡು ದಿನ ಇಟ್ಟದ್ದಕ್ಕೆ ನಾಲ್ಕು. ಹಗ್ಗದ ಒಂದು ತುದಿ ಅದರ ಬಾಯಲ್ಲಿತ್ತು ಸರಿ. ಇನ್ನೊಂದು ತುದಿ ಮರದ ಬೇರಿನಲ್ಲಿತ್ತು ಎಂದು ಈಗ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಷೋಕಿಗೆ ಮೀನು ಹಿಡಿಯುವ ಈಗಿನ ಹುಡುಗರು, ದೊಡ್ಡದು ಸಿಕ್ಕರೆ ಏನು ಮಾಡಬೇಕು ಎಂದು ನನ್ನನ್ನು ಕೇಳುವುದುಂಟು. ಕೊಲ್ಲುವುದಾದರೆ ಆಗಲೇ ಕೊಲ್ಲಿ, ಬಿಡುವುದಾದರೆ ಆಗಲೇ ಬಿಡಿ, ನಾಲ್ಕು ಜನ ನೋಡಲಿ ಎಂದು ಇಟ್ಟುಕೊಳ್ಳಬೇಡಿ ಎನ್ನುತ್ತೇನೆ. ಅವರಿಗೆ ಇದೇನು ದೊಡ್ಡ ಮಾತು ಎನ್ನಿಸುವುದಿಲ್ಲ.

ಕೊಡಗಿನಲ್ಲಿ ಮಳೆ ಹಿಡಿಯಿತು. ಹತ್ತನೆಯ ದಿನ ಹೊಳೆ ಕೆಂಪಾಯಿತು. ಬೇರಿನ ಕೆಳಗೆ ಕಲ್ಲಿನಂತೆ ನಿಂತಿದ್ದ ಮೀನು ಅವತ್ತು ಮೇಲ್ಮುಖವಾಗಿ ತಿರುಗಿ ಹಗ್ಗ ಬಿಗಿಯಾಗುವಂತೆ ಎಳೆಯುತ್ತಿತ್ತು. ಎಳೆದು ಎಳೆದು ಸೋತು, ನೀರಿಗೆ ಒರಗಿ, ಮತ್ತೆ ಎಳೆಯುತ್ತಿತ್ತು. ಹರಿಗೋಲಿನ ಮುದುಕ ದಡಕ್ಕೆ ಬಂದು ನಿಂತ. ಈಗಲಾದರೂ ಬಿಡಿ, ಅದಕ್ಕೆ ಬೇಕಾದ ನೀರು ಬಂದಿದೆ ಎಂದ. ಭಾನುವಾರಕ್ಕೆ ಇನ್ನು ಮೂರೇ ದಿನ ಎಂದೆ. ಈ ಸಲ ರೇಗುವುದಕ್ಕೂ ನನಗೆ ಮುಖವಿರಲಿಲ್ಲ.

ಮೂರು ದಿನ ಕಾಯಬೇಕಾಗಲಿಲ್ಲ. ಶುಕ್ರವಾರ ಬೆಳಗಿನ ಜಾವ ಹೆಂಡತಿಗೆ ನೋವು ಶುರುವಾಯಿತು. ಲೆಕ್ಕಕ್ಕಿಂತ ಎರಡು ವಾರ ಮುಂಚೆ. ಅರಕಲಗೂಡಿಗೆ ಕರೆದುಕೊಂಡು ಹೋಗಲು ಬಸ್ಸು ಬರುವುದು ಮಧ್ಯಾಹ್ನ, ಗಾಡಿಯಲ್ಲಿ ಅಲುಗಾಡಿಸುವ ಹಾಗಿಲ್ಲ. ಸೂಲಗಿತ್ತಿ ಬಂದಳು. ಬೆಳಕು ಹರಿಯಿತು, ಬಿಸಿಲೇರಿತು, ಮಗು ಜಪ್ಪಯ್ಯ ಎಂದರೂ ಇಳಿಯಲಿಲ್ಲ. ಒಳಗಿನ ಕೂಗು ಸಣ್ಣದಾಗುತ್ತ ಬಂತು. ಹಿಂದಿನ ಸಲ ಹೀಗೇ ಸಣ್ಣದಾಗಿ, ಆಮೇಲೆ ತವರೂರಿನ ಸೂಲಗಿತ್ತಿ ಬಟ್ಟೆ ಸುತ್ತಿದ ಗಂಟನ್ನು ನನ್ನ ಕೈಗೆ ಕೊಟ್ಟಿದ್ದಳು. ಜಗಲಿಯ ಮೇಲೆ ಕೂತು ನಾನು ಆ ಕೂಗನ್ನೇ ಎಣಿಸುತ್ತಿದ್ದೆ.

ಆಗ ನಮ್ಮತ್ತೆ ಹೊರಗೆ ಬಂದು ಒಂದೊಂದನ್ನೇ ಬಿಚ್ಚತೊಡಗಿದರು. ಹೆರಿಗೆ ಕಟ್ಟಿಕೊಂಡರೆ ಮನೆಯಲ್ಲಿ ಕಟ್ಟಿದ್ದೆಲ್ಲವನ್ನೂ ಬಿಚ್ಚಬೇಕು ಎಂಬುದು ಅವರ ಕಡೆಯ ನಂಬಿಕೆ. ಟ್ರಂಕಿನ ಬೀಗ ತೆಗೆದರು, ರಾಗಿ ಮೂಟೆಯ ಬಾಯಿ ಬಿಚ್ಚಿದರು, ಎಲೆಅಡಿಕೆ ಚೀಲದ ದಾರ ಸಡಿಲಿಸಿದರು. ಪಕ್ಕದ ಮನೆಯವರಿಗೆ ಹೇಳಿ ಅವರ ಹಸುವನ್ನೂ ಕರುವನ್ನೂ ಗೂಟದಿಂದ ಬಿಡಿಸಿದರು. ನನ್ನ ಟೇಬಲ್ಲಿನ ಮೇಲಿದ್ದ ಪರೀಕ್ಷೆ ಪೇಪರಿನ ಕಟ್ಟನ್ನು ಕೂಡ ಬಿಚ್ಚಿ ಹರಡಿದರು. ಆಮೇಲೆ ಬಾಗಿಲಲ್ಲಿ ನಿಂತು, ಮದುವೆಯಾಗಿ ಆರು ವರ್ಷದಲ್ಲಿ ಮೊದಲ ಸಲ, ನನ್ನ ಮುಖ ನೋಡಿದರು.

“ಅಳಿಯಂದ್ರೇ, ಎಲ್ಲಾರ ಏನಾರ ಕಟ್ಟಾಕಿದ್ರೆ ಬಿಚ್ಚಾಕಿ ಬನ್ನಿ.”

ನಾನು ಓಡಿದೆ. ಚಪ್ಪಲಿ ಮೆಟ್ಟಲಿಲ್ಲ. ಇದೆಲ್ಲ ಮೂಢನಂಬಿಕೆ ಎಂದು ತರಗತಿಯಲ್ಲಿ ನಾನೇ ಹೇಳುತ್ತಿದ್ದುದು ಓಡುವಾಗ ಒಂದು ಸಲವೂ ನೆನಪಾಗಲಿಲ್ಲ.

ಹೊಳೆ ಸೊಂಟದ ಮಟ್ಟ ಏರಿತ್ತು. ಬೇರು ಮುಳುಗಿತ್ತು. ಕೈಯಾಡಿಸಿ ಗಂಟು ಹುಡುಕಿದೆ. ಹನ್ನೊಂದು ದಿನ ನೆನೆದು ಅದು ಕಲ್ಲಾಗಿತ್ತು. ಉಗುರು ಕಿತ್ತುಬಂತು. ನೀರಿಗೆ ಮುಖ ಮುಳುಗಿಸಿ ಹಲ್ಲಿನಲ್ಲಿ ಕಚ್ಚಿದೆ. ಹರಿಗೋಲಿನ ಮುದುಕ ಎಲ್ಲಿಂದ ಬಂದನೋ, ಕುಡುಗೋಲು ಚಾಚಿದ. ಹಗ್ಗ ಕೊಯ್ದು ಮೀನನ್ನು ಹತ್ತಿರಕ್ಕೆ ಎಳೆದೆ. ದವಡೆಯ ಹುರಿ ಮಾಂಸದೊಳಗೆ ಹೂತಿತ್ತು. ಬಿಡಿಸಿದಾಗ ರಕ್ತ ಬಂತು. ಅದು ಒದ್ದಾಡಲೇ ಇಲ್ಲ. ಹಗ್ಗವಿಲ್ಲದಿದ್ದರೂ ಅದೇ ಜಾಗದಲ್ಲಿ, ಅಷ್ಟೇ ದೂರದಲ್ಲಿ ನಿಂತಿತ್ತು. ಹೋಗು ಎಂದು ನೂಕಿದೆ. ಎರಡು ಕೈಯಲ್ಲಿ ಹೊಟ್ಟೆ ಹಿಡಿದು, ತಲೆಯನ್ನು ಮೇಲಕ್ಕೆ ಮಾಡಿ, ನೀರಿಗೆ ಎದುರಾಗಿ ನಿಲ್ಲಿಸಿದೆ. ಹೊಟ್ಟೆ ಗಟ್ಟಿಯಾಗಿ ತುಂಬಿತ್ತು. ಎಷ್ಟೋ ಹೊತ್ತಾದ ಮೇಲೆ ಬಾಲ ಒಂದೆರಡು ಸಲ ಆಡಿತು, ಕೈಯಿಂದ ಜಾರಿತು. ತಾನೇ ಹೋಯಿತೋ ನೀರು ಕೊಂಡೊಯ್ಯಿತೋ, ಆ ಕೆಂಪಿನಲ್ಲಿ ಕಾಣಲಿಲ್ಲ.

ಮನೆಯ ತಿರುವಿನಲ್ಲೇ ಮಗು ಅಳುವುದು ಕೇಳಿಸಿತು. ಹೆಣ್ಣು. ಜೀವಂತ, ಕೆಂಪಗೆ, ಕೋಪದಲ್ಲಿ. ನಮ್ಮತ್ತೆ ಮತ್ತೆ ಕಂಬದ ಕಡೆ ತಿರುಗಿ, ತಾಯಿ ಮಗು ಇಬ್ಬರೂ ಕ್ಷೇಮ ಎಂದು ಕಂಬಕ್ಕೆ ತಿಳಿಸಿದರು. ಅವತ್ತು ನಾನು ಗೆದ್ದವನಂತೆ ಬೀದಿಯಲ್ಲಿ ಕಲ್ಲುಸಕ್ಕರೆ ಹಂಚಿದೆ. ಮೀನನ್ನೂ ಬಿಟ್ಟೆ, ಮಾತನ್ನೂ ಉಳಿಸಿಕೊಂಡೆ, ಮಗುವನ್ನೂ ಪಡೆದೆ. ಇಂಥ ಅದೃಷ್ಟವಂತ ಇನ್ನೊಬ್ಬನಿಲ್ಲ ಎಂದುಕೊಂಡೆ.

ಮಾರನೆಯ ದಿನ ಬೆಳಗ್ಗೆ ಹರಿಗೋಲಿನ ಮುದುಕ ಬಂದ. ಹೆಗಲ ಮೇಲೆ ಒದ್ದೆ ಗೋಣಿ. ಅದನ್ನು ಜಗಲಿಯ ಮೇಲೆ ಇಳಿಸಿ ಬಿಚ್ಚಿದ. ಊರಿನ ಕೆಳಗೆ ಜೊಂಡಿನಲ್ಲಿ ಸಿಕ್ಕಿಕೊಂಡಿತ್ತಂತೆ, ಅವನು ಹೋದಾಗ ಇನ್ನೂ ಕಿವಿರು ಆಡುತ್ತಿತ್ತಂತೆ, ಎತ್ತುವಷ್ಟರಲ್ಲಿ ನಿಂತಿತಂತೆ. ನಿಮ್ಮ ಮೀನು, ನೀವೇ ನೋಡಿಕೊಳ್ಳಿ ಎಂದು ತಂದೆ ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಬೇಕಿದ್ದರೆ ಬೈಯಲಿ ಎಂದು ಕಾದೆ. ಬೈಯಲಿಲ್ಲ, ಗೋಣಿ ಕೊಡವಿ ಹೆಗಲಿಗೆ ಹಾಕಿಕೊಂಡು ಹೋದ.

ಕೋಣೆಯೊಳಗಿಂದ ಹೆಂಡತಿ ಕರೆದಳು. ಅದನ್ನು ಬಾಗಿಲ ತನಕ ತರಲು ಹೇಳಿದಳು. ಬಾಣಂತಿ ಇಂಥದ್ದನ್ನು ನೋಡಬಾರದು ಎಂದು ನಮ್ಮತ್ತೆ ತಡೆದರು, ಅವಳು ಕೇಳಲಿಲ್ಲ. ನಾನು ಮೀನನ್ನು ಎರಡು ತೋಳಲ್ಲಿ ಎತ್ತಿ ಹೊಸ್ತಿಲಿನ ಮೇಲೆ ಇಟ್ಟೆ. ಅವಳು ದಿಂಬಿಗೆ ಒರಗಿ ಎದ್ದು ಕೂತು ಅದರ ದವಡೆಯನ್ನು ನೋಡಿದಳು.

ನಾನು ತಡೆಯಲಾರದೆ, ನಾನು ಕೊಲ್ಲಲಿಲ್ಲ, ಕೊಟ್ಟ ಮಾತು ತಪ್ಪಲಿಲ್ಲ ಎಂದೆ.

“ನಂಗೆ ಎರಡ್ನೇ ದಿವ್ಸವೇ ಗೊತ್ತಾಯ್ತು. ಪಕ್ಕದ್ಮನೇರು ಬಂದು ಯೋಳುದ್ರು,” ಎಂದಳು. “ನೀವು ಇವತ್ ಯೋಳ್ತೀರಿ, ನಾಳೆ ಯೋಳ್ತೀರಿ ಅಂತ ಕಾದೆ. ಕೊಂದಿದ್ರೆ ಅದು ಒಂದ್ ದಿವ್ಸಕ್ಕೆ ಸಾಯ್ತಿತ್ತು ಕಣ್ರೀ. ಕಟ್ಟಾಕುದ್ರೆ ಎಂಗಿರ್ತದೆ ಅಂತ ನನ್ನ ಒಂದ್ ಮಾತು ಕೇಳ್ಬೌದಾಗಿತ್ತು. ಇಲ್ಲೇ ಬಿದ್ದಿದ್ನಲ್ಲ.”

ಮಗು ಅತ್ತಿತು. ಅವಳು ಪಕ್ಕಕ್ಕೆ ಹೊರಳಿ ಅದಕ್ಕೆ ಹಾಲು ಕೊಡತೊಡಗಿದಳು. ಮೂರು ತಿಂಗಳಿಂದ ನಾನು ದಿನಾ ಆ ಬಾಗಿಲಲ್ಲಿ ನಿಂತು ಊಟವಾಯಿತೇ ಎಂದು ಕೇಳಿದ್ದೆ, ಔಷಧ ತಗೊಂಡೆಯಾ ಎಂದು ಕೇಳಿದ್ದೆ. ಹಾಗೆ ಮಲಗಿರುವುದು ಹೇಗಿರುತ್ತದೆ ಎಂದು ಮಾತ್ರ ಒಂದು ದಿನವೂ ಕೇಳಿರಲಿಲ್ಲ.